ಮೇಷ್ಟ್ರನ್ನು ಕೇಳಿ: ದೇವರು ಮಳೆಯೋ, ನೀರುಗಂಟಿಯೋ?

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಊರ ಹೆಸರು, ನನ್ನ ಹೆಸರು ಹಾಕಬೇಡಿ. ಈ ಸಂಕ್ರಾಂತಿ ದಿನ ನನ್ನ ತಂಗಿ ಮಗ ನಾಲೆಯಲ್ಲಿ ಹೋಗಿಬಿಟ್ಟ. ಒಂಬತ್ತು ವರ್ಷ. ಸಂಜೆ ಕಿಚ್ಚು ಹಾಯಿಸೋಕೆ ಮುಂಚೆ ಹಸುಗಳ ಮೈ ತೊಳೆಯೋಕೆ ಅಂತ ದೊಡ್ಡವರ ಜೊತೆ ಹೋಗಿದ್ದ. ಸೋಪಾನದ ಮೇಲೆ ಪಾಚಿ ಇತ್ತು, ಕಾಲು ಜಾರಿತು. ಹಾಲುತುಪ್ಪದ ದಿನ ಬಂದವರೆಲ್ಲ ಒಂದೊಂದು ಮಾತು ಹೇಳಿದರು. ಅವನ ಋಣ ಅಷ್ಟೇ ಇತ್ತು ಅಂದರು ಒಬ್ಬರು. ಹೋದ ಜನ್ಮದ್ದು ಅಂದರು ಇನ್ನೊಬ್ಬರು. ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ ಅಂತ ಅವಳ ಅತ್ತೆಯೇ ಅಂದರು. ತಂಗಿ ಯಾರ ಹತ್ತಿರವೂ ಮಾತಾಡಲಿಲ್ಲ. ರಾತ್ರಿ ನನ್ನನ್ನು ಒಂದೇ ಕೇಳಿದಳು: "ಅಕ್ಕಾ, ನಾಲೆ ಏರಿ ಮೇಲೆ ನಿಂತ್ರೆ ಮೇಲುಕೋಟೆ ಬೆಟ್ಟ ಕಾಣ್ತದಲ್ಲ, ಅಲ್ಲಿಂದ ಅವನಿಗೆ ಇದು ಕಾಣ್ನಿಲ್ವಾ? ಕಂಡಿದ್ರೆ ಒಂದ್ ಕೈ ಚಾಚಕ್ಕಾಗ್ನಿಲ್ವಾ?" ನನಗೆ ಉತ್ತರ ಬರಲಿಲ್ಲ. ಅವಳು ಆವತ್ತಿಂದ ದೇವರ ಮನೆ ಬಾಗಿಲು ತೆಗೆದಿಲ್ಲ. ವೈರಮುಡಿಗೆ ಹೋಗಿ ಬಾ, ಮನಸ್ಸು ತಿಳಿಯಾಗುತ್ತೆ ಅಂತ ಮನೆಯವರು ಒತ್ತಾಯ ಮಾಡುತ್ತಿದ್ದಾರೆ. ನಾನು ಏನು ಹೇಳಲಿ?

ಉತ್ತರ: ನಿಮ್ಮ ಕಾಗದ ಬಂದು ಮೂರು ವಾರವಾಯಿತು ತಾಯಿ. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಎರಡೂ ಪಾಠದ ಹಾಗಿದ್ದವು. ಮೂವತ್ತು ವರ್ಷ ಮೈಸೂರಿನ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟವನು ನಾನು, ಬಾಯಿ ಬಿಟ್ಟರೆ ಪಾಠವೇ ಬರುತ್ತದೆ. ಅದಕ್ಕೇ ಪಾಠವಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ. ತಂಗಿಗೆ ಈಗ ಏನೂ ಹೇಳಬೇಡಿ. ಪಕ್ಕದಲ್ಲಿ ಕೂತಿರಿ. ಮುದ್ದೆ ಇಳಿಯದಿದ್ದರೆ ಗಂಜಿ ಕಾಯಿಸಿ ಕೊಡಿ. ದೇವರ ಮನೆ ಬಾಗಿಲು ಮುಚ್ಚಿದ್ದರೆ ಮುಚ್ಚಿರಲಿ. ವೈರಮುಡಿ ಪ್ರತಿ ವರ್ಷ ಬರುತ್ತದೆ. ಈ ವರ್ಷ ಅವಳನ್ನು ಬಿಟ್ಟುಬಿಡಿ.

ಈ ಬುದ್ಧಿ ನನ್ನ ಸ್ವಂತದ್ದೇನಲ್ಲ. ಬೈಬಲ್ಲಿನಲ್ಲಿ ಯೋಬ ಅಂತ ಒಬ್ಬ ಬರುತ್ತಾನೆ. ಒಳ್ಳೆಯ ಮನುಷ್ಯ. ಒಂದೇ ದಿನ ಏಳು ಗಂಡು, ಮೂರು ಹೆಣ್ಣು, ಹತ್ತೂ ಮಕ್ಕಳು ಮನೆ ಕುಸಿದು ಸಾಯುತ್ತಾರೆ. ಸುದ್ದಿ ಕೇಳಿ ಮೂವರು ಗೆಳೆಯರು ಬರುತ್ತಾರೆ. ಬಂದವರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ, ಒಂದು ಮಾತಿಲ್ಲ. ಆಮೇಲೆ ಬಾಯಿ ತೆಗೆಯುತ್ತಾರೆ ನೋಡಿ, ಅಲ್ಲಿಂದ ಕೆಟ್ಟಿತು. ದೇವರು ನ್ಯಾಯವಂತ, ನೀನೇ ಏನೋ ತಪ್ಪು ಮಾಡಿರಬೇಕು ಅಂತ ಶುರು ಮಾಡುತ್ತಾರೆ. ಯೋಬ ಒಪ್ಪುವುದಿಲ್ಲ. ದೇವರ ಮೇಲೇ ವ್ಯಾಜ್ಯ ಹೂಡುವವನ ಹಾಗೆ ಮಾತಾಡುತ್ತಾನೆ. ಕೊನೆಗೆ ದೇವರು ಬರುತ್ತಾನೆ. ಯಾಕೆ ಹೀಗಾಯಿತು ಅಂತ ಯೋಬನಿಗೆ ಹೇಳುವುದೇ ಇಲ್ಲ. ಆದರೆ ಗೆಳೆಯರ ಮೇಲೆ ಸಿಟ್ಟಾಗುತ್ತಾನೆ: ನನ್ನ ವಿಷಯದಲ್ಲಿ ಯೋಬ ಆಡಿದ ಹಾಗೆ ನೀವು ಸರಿಯಾಗಿ ಆಡಲಿಲ್ಲ ಅಂತ. ದೇವರನ್ನು ಬೈದವನು ಪಾಸು, ದೇವರ ಪರ ವಕಾಲತ್ತು ಮಾಡಿದವರು ಫೇಲು. ಹಾಲುತುಪ್ಪಕ್ಕೆ ಹೋಗುವ ನಾವೆಲ್ಲ ಓದಿಕೊಂಡು ಹೋಗಬೇಕಾದ ಕಥೆ ಅದು.

ಇನ್ನು ತಂಗಿಯ ಪ್ರಶ್ನೆ. ಅದು ಅಜ್ಞಾನದ ಪ್ರಶ್ನೆ ಅಂತ ಯಾರಾದರೂ ಅಂದರೆ ಹೇಳಿ, ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದಲ್ಲೇ ಆ ಪ್ರಶ್ನೆ ಇದೆ. ಎರಡನೇ ಅಧ್ಯಾಯದ ಮೊದಲ ಪಾದ, 34ನೇ ಸೂತ್ರ. ವೈಷಮ್ಯ, ನೈರ್ಘೃಣ್ಯ ಅಂತ ಎರಡು ಪದ ಅಲ್ಲಿವೆ. ವೈಷಮ್ಯ ಅಂದರೆ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡುವುದು. ನೈರ್ಘೃಣ್ಯ ಅಂದರೆ ಕರುಳಿಲ್ಲದಿರುವುದು. ದೇವರ ಮೇಲೆ ಈ ಎರಡು ಆಪಾದನೆ ಬರುತ್ತಲ್ಲ, ಅಂತ ಸೂತ್ರಕಾರರೇ ಕೇಳಿಕೊಂಡಿದ್ದಾರೆ. ಬರುವುದಿಲ್ಲ, ದೇವರು ಜೀವಿಗಳ ಕರ್ಮ ನೋಡಿಕೊಂಡು ಫಲ ಕೊಡುತ್ತಾನೆ ಅನ್ನುವುದು ಅವರ ಉತ್ತರ. ಶಂಕರಾಚಾರ್ಯರು ಅದಕ್ಕೆ ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲರಿಗೂ ಒಂದೇ. ಭತ್ತ ಬೇರೆ, ಜವೆಗೋಧಿ ಬೇರೆ ಆಗುವುದು ಬೀಜದಿಂದ. ನಮ್ಮ ಕಡೆ ಮಾತಿನಲ್ಲಿ ಹೇಳಿದರೆ, ಅದೇ ಮಳೆಗೆ ರಾಗಿ ಚೆಲ್ಲಿದವನಿಗೆ ರಾಗಿ, ಹುರುಳಿ ಚೆಲ್ಲಿದವನಿಗೆ ಹುರುಳಿ.

ಒಳ್ಳೆಯ ಹೋಲಿಕೆ. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಪ್ರತಿ ವರ್ಷ ಒಳಗೇ ಮುಜುಗರ ಆಗುತ್ತಿತ್ತು. ಯಾಕೆಂದರೆ ನಾನು ನೀರುಗಂಟಿಯ ಮಗ. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಮಂಡ್ಯದವರಿಗೆ ನೀರು ಬರೀ ಮೋಡದಿಂದ ಬರುವುದಿಲ್ಲ, ತೂಬಿನಿಂದ ಬರುತ್ತದೆ. ತೂಬಿಗೆ ಒಂದು ಬೀಗ, ಬೀಗಕ್ಕೆ ಒಂದು ಕೈ, ಆ ಕೈ ನಮ್ಮಪ್ಪನ ಸೊಂಟದ ಉಡಿದಾರದಲ್ಲಿ ಇರುತ್ತಿತ್ತು.

ನನಗೆ ಹನ್ನೆರಡು ವರ್ಷ ಇದ್ದಾಗಿನ ಮಾತು. ಕಣ್ಣಂಬಾಡಿ ಕಟ್ಟೆ ತುಂಬದ ವರ್ಷ. ರಾತ್ರಿ ಹನ್ನೊಂದರ ಹೊತ್ತಿಗೆ ನಾಲೆಯ ಕೊನೆ ಭಾಗದ ಊರಿನವರೊಬ್ಬರು ಸೈಕಲ್ ತುಳಿದುಕೊಂಡು ಬಂದು ಜಗಲಿ ಕೆಳಗೆ ನಿಂತರು. "ಒಟ್ಲು ಒಣಗ್ತಾ ಅದೆ ಕಣಣ್ಣ. ಒಂದ್ ಗಳಿಗೆ ಬುಡು, ಸಾಕು." ಅಪ್ಪ ಮಾತಾಡಲಿಲ್ಲ. ಚಪ್ಪಲಿ ಹಾಕಿಕೊಂಡರು. ನಾನು ಲಾಟೀನು ಹಿಡಿದು ಹಿಂದೆ ಹೋದೆ. ತಿರುಪು ತುಕ್ಕು ಹಿಡಿದಿತ್ತು. ಎರಡು ಕೈಲೂ ಒತ್ತಿ ಎರಡು ಸುತ್ತು ತಿರುಗಿಸಿದರು. ಹಲಗೆಯ ಕೆಳಗಿಂದ ನೀರು ಗೊಳಗೊಳ ಅಂತ ಹೊರಟದ್ದು, ಆ ಮನುಷ್ಯ ಕತ್ತಲಲ್ಲಿ ಅದಕ್ಕೆ ಕೈ ಮುಗಿದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಬೆಳಗ್ಗೆ ಎದ್ದರೆ ಮೇಲಿನ ಗದ್ದೆಯವರು ಕುಡುಗೋಲು ಹಿಡಿದೇ ಬಂದಿದ್ದರು. ನಮ್ಮ ಸರದಿ ನೀರು ಕದ್ದು ಬಿಟ್ಟೆಯಾ ಅಂತ ಊರೆಲ್ಲ ಕೇಳೋ ಹಾಗೆ ಬೈದರು. ಅಪ್ಪ ಇಷ್ಟೇ ಅಂದರು: "ಕಟ್ಟೇಲಿ ನೀರಿದ್ದಿದ್ರೆ ನಾನ್ಯಾಕಪ್ಪ ಕದೀತಿದ್ದೆ?"

ನೀರುಗಂಟಿಗೆ ಈ ಮಾತು ಹೇಳಿಕೊಳ್ಳೋಕೆ ಜಾಗ ಇದೆ. ಅವನ ಮೇಲೆ ಇಂಜಿನಿಯರು, ಇಂಜಿನಿಯರ ಮೇಲೆ ಕಟ್ಟೆ, ಕಟ್ಟೆಯ ಮೇಲೆ ಕೊಡಗಿನ ಮಳೆ. 124.80 ಅಡಿ ತುಂಬಿದ ವರ್ಷ ಕಾವೇರಿಗೆ ಬಾಗಿನ, ತುಂಬದ ವರ್ಷ ಸುಪ್ರೀಂ ಕೋರ್ಟು. ದೇವರಿಗೆ ಮೇಲೆ ಬೆರಳು ತೋರಿಸೋಕೆ ಯಾರಿದ್ದಾರೆ? ಮಳೆಯೂ ಅವನೇ, ಕಟ್ಟೆಯೂ ಅವನೇ, ತೂಬಿನ ಬೀಗದ ಕೈಯೂ ಅವನ ಹತ್ತಿರವೇ, ಅಷ್ಟೇ ಯಾಕೆ, ಬೀಜವೂ ಅವನು ಕೊಟ್ಟದ್ದೇ. ಹಾಗಿದ್ದ ಮೇಲೆ "ಬೀಜದ ದೋಷ" ಅಂದರೆ ನಾನು ಸುಲಭಕ್ಕೆ ಒಪ್ಪುವುದಿಲ್ಲ. ಶಾಸ್ತ್ರದವರಿಗೆ ಇದೂ ಗೊತ್ತಿತ್ತು. ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತು ಅಂತ ಮುಂದಿನ ಸೂತ್ರದಲ್ಲೇ ಕೇಳಿಕೊಂಡು, ಸಂಸಾರಕ್ಕೆ ಮೊದಲೇ ಇಲ್ಲ, ಅದು ಅನಾದಿ ಅನ್ನುತ್ತಾರೆ. ಪ್ರಶ್ನೆಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ತಳ್ಳಿದ ಹಾಗೆ ನನಗೆ ಕಾಣುತ್ತದೆ. ದೊಡ್ಡವರು ಕ್ಷಮಿಸಲಿ.

ಕರ್ಮದ ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ನನಗೆ ಸಕ್ಕರೆ ಕಾಯಿಲೆ ಬಂದಾಗ ನನ್ನ ಕರ್ಮ ಅಂದುಕೊಂಡೆ, ಅರ್ಧ ಸಮಾಧಾನವೂ ಆಯಿತು. ಆ ಮೈಸೂರುಪಾಕೆಲ್ಲ ತಿಂದವನು ನಾನೇ ತಾನೆ. ಆದರೆ ಅದು ಹಲ್ಲುಜ್ಜುವ ಬ್ರಷ್ ಇದ್ದ ಹಾಗೆ, ತನಗೆ ತಾನೇ ಬಳಸಬೇಕು. ಒಂಬತ್ತು ವರ್ಷದ ಮಗು ಕಳೆದುಕೊಂಡವಳ ಮುಂದೆ ಹೋದ ಜನ್ಮದ ಲೆಕ್ಕ ತೆಗೆಯೋಕೆ ಆ ಪುಸ್ತಕ ನೋಡಿಕೊಂಡು ಬಂದವರು ಯಾರೂ ಇಲ್ಲ.

ಈಗ ಇನ್ನೊಂದು ಉತ್ತರ. ಕ್ರೈಸ್ತರಲ್ಲಿ ಇದು ಜಾಸ್ತಿ. ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ. ಕೊಟ್ಟ ಮೇಲೆ ಕೆಟ್ಟದ್ದು ಮಾಡೋಕೂ ಬಿಡಬೇಕಾಯಿತು. ಸದಾ ಮೂಗುದಾರ ಬಿಗಿಹಿಡಿದೇ ಇದ್ದರೆ ಎತ್ತಿನ ಗುಣ ಗೊತ್ತಾಗುವುದಿಲ್ಲ ಅಲ್ವಾ? ಸ್ವತಂತ್ರರಾಗಿದ್ದೂ ಯಾವಾಗಲೂ ಒಳ್ಳೆಯದನ್ನೇ ಆರಿಸಿಕೊಳ್ಳೋ ಮನುಷ್ಯರನ್ನು ಸರ್ವಶಕ್ತ ದೇವರು ಯಾಕೆ ಮಾಡಲಿಲ್ಲ ಅಂತ 1955ರಲ್ಲಿ ಮ್ಯಾಕಿ ಅನ್ನುವ ತತ್ವಜ್ಞಾನಿ ಕೇಳಿದ. 1974ರಲ್ಲಿ ಅಮೆರಿಕದ ಪ್ಲಾಂಟಿಂಗಾ ಉತ್ತರ ಕೊಟ್ಟ. ನಾನು ಸ್ವಂತ ಮನಸ್ಸಿಂದ ಏನು ಆರಿಸುತ್ತೇನೆ ಅನ್ನುವುದು ನನ್ನ ಕೈಲಿದೆ, ಅದನ್ನೂ ದೇವರೇ ಮಾಡಿಸಿದರೆ ಅದು ನನ್ನ ಆಯ್ಕೆಯಾಗಿ ಉಳಿಯುವುದಿಲ್ಲ ಅಂತ. ತರಗತಿಯಲ್ಲಿ ಇದಕ್ಕೆ ಎರಡು ವಾರ ಕೊಡುತ್ತಿದ್ದೆ. ಪರೀಕ್ಷೆಗೆ ಹತ್ತು ಮಾರ್ಕಿನ ಪ್ರಶ್ನೆ.

ನಿಮ್ಮ ಮನೆಯ ವಿಷಯಕ್ಕೆ ಇದು ಅರ್ಧ ಹೊಂದುತ್ತದೆ. ಸೋಪಾನದ ಮೇಲಿನ ಪಾಚಿ ಉಜ್ಜಿಸಬೇಕಾದವರು ಯಾರೋ ಇದ್ದರು, ಉಜ್ಜಿಸಲಿಲ್ಲ. ಹಿಡಿದುಕೊಳ್ಳೋಕೆ ಒಂದು ಸರಪಳಿ ಇರಲಿಲ್ಲ. ಇದು ಮನುಷ್ಯರ ಬಾಬತ್ತು. 2018ರ ನವೆಂಬರ್ 24 ನಿಮಗೆ ನೆನಪಿರಬೇಕು, ನಿಮ್ಮ ತಾಲ್ಲೂಕಿನದೇ ಮಾತು. ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಶನಿವಾರ, ಅರ್ಧ ದಿನದ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಶ್ ತೀರಿಕೊಂಡರು. ಮಂಡ್ಯಕ್ಕೆ ಗ್ರಹಚಾರ ಹಿಡಿದಿದೆ ಅಂತ ಆಗ ಬಸ್ ಸ್ಟ್ಯಾಂಡಿನಲ್ಲೆಲ್ಲ ಮಾತು. ಗ್ರಹಗಳ ವಿಷಯ ನನಗೆ ಗೊತ್ತಿಲ್ಲ. ನಾಲೆ ಪಕ್ಕದ ರಸ್ತೆಗೆ ತಡೆಗೋಡೆ ಕಟ್ಟುವುದು ಶನಿಯ ಕೆಲಸವಲ್ಲ ಅನ್ನುವುದು ಗೊತ್ತು. ವಿಧಿಯಾಟ ಅನ್ನುವ ಮಾತಿನಿಂದ ದೇವರಿಗೆ ಏನು ಲಾಭವೋ ಕಾಣೆ, ಕೆಲಸ ಮಾಡದವರಿಗಂತೂ ಬಹಳ ಅನುಕೂಲ.

ಉಳಿದರ್ಧ ಹೊಂದುವುದಿಲ್ಲ. ಉಜ್ಜಿಸದೆ ಬಿಟ್ಟದ್ದು ಯಾರದೋ ಸ್ವಾತಂತ್ರ್ಯ. ಜಾರಿದ್ದು ಇನ್ಯಾರದೋ ಮಗುವಿನ ಕಾಲು. ಅವನ ಸ್ವಾತಂತ್ರ್ಯಕ್ಕೆ ಇವನು ಯಾಕೆ ಬೆಲೆ ಕೊಡಬೇಕು? ಮನುಷ್ಯರ ಪಾತ್ರವೇ ಇಲ್ಲದ ಕೇಡೂ ಇದೆ. 1755ರ ನವೆಂಬರ್ 1, ಪೋರ್ಚುಗಲ್ಲಿನ ಲಿಸ್ಬನ್. ಅವರಿಗೆ ಅದು ಎಲ್ಲ ಸಂತರ ಹಬ್ಬ. ಜನ ಬೆಳಗಿನ ಪೂಜೆಗೆ ಚರ್ಚುಗಳಲ್ಲಿ ತುಂಬಿದ್ದಾಗಲೇ ಭೂಮಿ ನಡುಗಿತು. ಆಮೇಲೆ ಸಮುದ್ರ ನುಗ್ಗಿತು. ಬೆಂಕಿಯೂ ಹಬ್ಬಿತು, ಹಬ್ಬಕ್ಕೆ ಹಚ್ಚಿದ ಮೇಣದ ಬತ್ತಿಗಳೂ ಅದಕ್ಕೆ ಸೇರಿಕೊಂಡವು. ಆಗಬಹುದಾದ ಲೋಕಗಳಲ್ಲೆಲ್ಲ ಇದೇ ಉತ್ತಮ ಅಂತ ಲೈಬ್‌ನಿಟ್ಸ್ 1710ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದಿದ್ದ. ನಮ್ಮಲ್ಲಿ "ಆಗೋದೆಲ್ಲಾ ಒಳ್ಳೇದಕ್ಕೇ" ಅಂತಾರಲ್ಲ, ಹೆಚ್ಚುಕಡಿಮೆ ಅದೇ. ಲಿಸ್ಬನ್ನಿನ ನಂತರ ಯುರೋಪಿನಲ್ಲಿ ಆ ಮಾತನ್ನು ಗಟ್ಟಿಯಾಗಿ ಆಡುವುದು ಕಷ್ಟವಾಯಿತು.

ನೀರು ನೀರಿನ ಹಾಗೇ ಇರಬೇಕಲ್ಲ ಅನ್ನುವ ವಾದವೂ ಇದೆ. ಗದ್ದೆಗೆ ಹರಿಯುವ ನೀರೇ ಮುಳುಗಿಸುವ ನೀರು. ಪ್ರತಿ ಸಲ ಯಾರಾದರೂ ಬಿದ್ದಾಗ ನೀರು ಗಟ್ಟಿಯಾಗಿಬಿಟ್ಟರೆ ಲೋಕ ನಡೆಯುವುದಿಲ್ಲ. ವಾದ ಸರಿಯಾಗೇ ಇದೆ. ಆದರೆ ನಿಮ್ಮ ತಂಗಿ ಪ್ರತಿ ಸಲ ಅಂತ ಕೇಳಲಿಲ್ಲ. ಆ ಒಂದು ಸಲ ಕೇಳಿದಳು.

ಕೈ ಚಾಚೋ ಮಾತು ಬಂತಲ್ಲ, ಅದಕ್ಕೆ ಶ್ರೀವೈಷ್ಣವರಲ್ಲಿ ಒಂದು ಹಳೇ ಜಗಳವೇ ಇದೆ. ಕೋತಿ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿಕೊಳ್ಳಬೇಕು, ಹಾಗೆ ಭಕ್ತನೂ ಸ್ವಲ್ಪ ಪ್ರಯತ್ನ ಮಾಡಬೇಕು ಅಂತ ವಡಗಲೆಯವರು. ಬೆಕ್ಕು ತಾನೇ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ, ಮರಿ ಸುಮ್ನೆ ಜೋತುಬಿದ್ದರೆ ಸಾಕು, ದೇವರ ದಯೆಯೂ ಹಾಗೇ ಅಂತ ತೆಂಗಲೆಯವರು. ನನಗೆ ಬೆಕ್ಕಿನ ಪಕ್ಷವೇ ಇಷ್ಟ. ಒಂದು ಸಲ ಮೇಲುಕೋಟೆಯಲ್ಲಿ ಇದನ್ನೇ ಭಾಷಣ ಮಾಡಿ ಕಲ್ಯಾಣಿ ಹತ್ತಿರ ಇಳಿದು ಬರುತ್ತಿದ್ದೆ. ಹೂ ಮಾರುವ ಹೆಂಗಸು ಕೇಳಿದಳು: "ಮತ್ತೆ ಬೆಕ್ಕು ಮರೀನ ಬಾಯಿಂದ ಬೀಳಿಸ್ಬುಟ್ರೆ ಸಾಮಿ?" ನಾನು ಹೂ ತೆಗೆದುಕೊಂಡೆ. ಬೇರೇನೂ ತೋಚಲಿಲ್ಲ.

ಹಾಗಾದರೆ ನಿಮ್ಮ ನಂಬಿಕೆ ಏನು ಮೇಷ್ಟ್ರೇ ಅಂತೀರಿ. ಹೇಳುತ್ತೇನೆ, ಇದು ಶಾಸ್ತ್ರವಲ್ಲ, ನನ್ನದು. ದೇವರಿಗೆ ಕರುಳಿದೆ ಅನ್ನುವುದನ್ನು ನಾನು ಬಿಟ್ಟಿಲ್ಲ. ಸರ್ವಶಕ್ತ ಅನ್ನುವುದರಲ್ಲಿ ಸ್ವಲ್ಪ ಬಿಟ್ಟುಕೊಟ್ಟಿದ್ದೇನೆ. ಸ್ತೋತ್ರ ಹೇಳುವಾಗ ಆ ಪದ ಬಾಯಲ್ಲಿ ಬರುತ್ತದೆ. ನಾಲೆ ಏರಿ ಮೇಲೆ ನಿಂತಾಗ ಬರುವುದಿಲ್ಲ. ತೂಬಿನ ಬೀಗದ ಕೈ ಅವನ ಸೊಂಟದಲ್ಲಿಲ್ಲವೇನೋ, ಲಾಟೀನು ಮಾತ್ರ ಇದೆಯೇನೋ ಅನ್ನಿಸುತ್ತದೆ. ಇದನ್ನು ನನ್ನ ಗುರುಗಳು ಕೇಳಿದ್ದರೆ ಫೇಲ್ ಮಾಡುತ್ತಿದ್ದರು.

ಒಂದು ಮನೆ ಮಾತು ಹೇಳಿ ಮುಗಿಸುತ್ತೇನೆ. ನನ್ನ ತಂಗಿ ಆರು ವರ್ಷದವಳಿದ್ದಾಗ ಜ್ವರದಲ್ಲಿ ಹೋದಳು. ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆ ಹೋದರೆ ಡಾಕ್ಟರು ಇರಲಿಲ್ಲ. ವಾಪಸ್ ಬಂದ ದಿನ ಅವ್ವ ಗೋಡೆಯ ಮೇಲಿದ್ದ ಚೆಲುವರಾಯನ ಪಟವನ್ನು ತಿರುಗಿಸಿ ಹಾಕಿದಳು. ಮುಖ ಗೋಡೆ ಕಡೆಗೆ. ಒಂದು ವರ್ಷಕ್ಕೂ ಹೆಚ್ಚು ಕಾಲ ನಾವು ಆ ಪಟದ ಹಿಂದಿನ ಕಂದು ರಟ್ಟು, ಎರಡು ತುಕ್ಕು ಮೊಳೆ, ಮೂಲೆಯಲ್ಲಿ ಗೆದ್ದಲು ತಿಂದ ಒಂದು ಗೆರೆ, ಇಷ್ಟನ್ನೇ ನೋಡಿಕೊಂಡು ಉಂಡಿದ್ದೇವೆ. ಅಪ್ಪ ಒಂದು ದಿನವೂ ಅದನ್ನು ಸರಿ ಮಾಡೋಕೆ ಹೋಗಲಿಲ್ಲ. ಸ್ಕೂಲಿಂದ ಬಂದ ಒಂದು ಸಂಜೆ ನೋಡಿದರೆ ಪಟ ಮೊದಲಿನ ಹಾಗಿತ್ತು, ಒಂದು ಕಣಗಲೆ ಹೂವೂ ಇತ್ತು. ಯಾಕೆ ಅಂತ ಅವ್ವ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇನ್ನೊಂದು. ಆ ಸೋಪಾನಕ್ಕೆ ಸರಪಳಿ ಹಾಕಿಸಿ ಅಂತ ಪಂಚಾಯ್ತಿಗೂ ನೀರಾವರಿ ಕಚೇರಿಗೂ ಅರ್ಜಿ ಕೊಡಿ. ಊರಿನವರ ಸಹಿ ಮಾಡಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಬರೆಯೋಕೆ ಬೇಕಾದರೆ ನಾನು ಬರೆದು ಕಳಿಸುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ಮೈಸೂರು. ಮಗ ಮೊಬೈಲಿನಲ್ಲಿ ಇಸ್ಪೀಟು ಆಡಿ ಸಾಲ ಮಾಡಿಕೊಂಡ. ಶ್ರೀರಂಗಪಟ್ಟಣದ ಹತ್ತಿರ ನಮ್ಮಿಬ್ಬರ ಜಂಟಿ ಖಾತೆಯಲ್ಲಿ ಒಂದೂವರೆ ಎಕರೆ ಇತ್ತು. ಸಾಲ ತೀರಲಿ ಅಂತ ನಾನೂ ಸಹಿ ಹಾಕಿದೆ, ಮಾರಿದೆವು. ಈಗ ಮತ್ತೆ ಆಡುತ್ತಿದ್ದಾನೆ. ಕೇಳಿದರೆ ಗೀತೆ ಹೇಳುತ್ತಾನೆ! ಎಲ್ಲರನ್ನೂ ಯಂತ್ರದ ಮೇಲೆ ಕೂರಿಸಿ ತಿರುಗಿಸುವವನು ಈಶ್ವರನೇ ಅಂತೆ, ನನ್ನದೇನಿದೆ ಅಂತಾನೆ.

ಉತ್ತರ: ನಿಮ್ಮ ಮಗ ಗೀತೆಯನ್ನು ಎರಡು ಶ್ಲೋಕ ಮೊದಲೇ ಮಡಚಿಟ್ಟಿದ್ದಾನೆ. ಅವನು ಹೇಳಿದ್ದು 18ನೇ ಅಧ್ಯಾಯದ 61. ಅದಾಗಿ ಎರಡೇ ಶ್ಲೋಕಕ್ಕೆ, 63ರಲ್ಲಿ, ಕೃಷ್ಣ ಅರ್ಜುನನಿಗೆ ಹೇಳುತ್ತಾನೆ: ಇದನ್ನೆಲ್ಲ ಪೂರ್ತಿ ಯೋಚನೆ ಮಾಡು, ಆಮೇಲೆ ನಿನಗೆ ಹೇಗೆ ಇಷ್ಟವೋ ಹಾಗೆ ಮಾಡು. ಬರೀ ಯಂತ್ರಕ್ಕೆ ಯಾರಾದರೂ ಹೀಗೆ ಹೇಳುತ್ತಾರಾ? ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಾರೆ, ಸಲಹೆ ಕೊಡುವುದಿಲ್ಲ. ಎರಡೂ ಶ್ಲೋಕ ಹೇಗೆ ಒಟ್ಟಿಗೆ ನಿಲ್ಲುತ್ತವೆ ಅನ್ನುವುದಕ್ಕೆ ಭಾಷ್ಯಕಾರರು ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಮಗನ ಹಾಗೆ ಒಂದನ್ನು ಹರಿದು ಜೇಬಿಗೆ ಹಾಕಿಕೊಳ್ಳಲಿಲ್ಲ.

ನಿಮ್ಮ ಕಾಗದ ಓದಿ ನನಗೆ ಒಂಥರಾ ರೋಮಾಂಚನವೇ ಆಯಿತು, ಬೇಜಾರು ಮಾಡಿಕೊಳ್ಳಬೇಡಿ. ಯಾಕೆಂದರೆ ಮೇಲುಕೋಟೆಯಲ್ಲಿ 12 ವರ್ಷ ಇದ್ದರು ಅಂತ ಸಂಪ್ರದಾಯದವರು ಹೇಳುವ ರಾಮಾನುಜಾಚಾರ್ಯರು ಈ ಪ್ರಶ್ನೆಗೆ ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ ಕೊಡುವ ಹೋಲಿಕೆ ಜಂಟಿ ಆಸ್ತಿಯದೇ. ಇಬ್ಬರಿಗೆ ಸೇರಿದ ಆಸ್ತಿ. ಒಬ್ಬ ಅದನ್ನು ಬೇರೆಯವರಿಗೆ ಕೊಡಬೇಕು ಅಂದರೆ ಇನ್ನೊಬ್ಬನ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ನಡೆಯುವುದಿಲ್ಲ. ಹಾಗಂತ ಕೊಡಬೇಕು ಅಂತ ಹೊರಟವನು ಮೊದಲಿನವನೇ, ಅದರ ಫಲವೂ ಅವನದೇ. ಜೀವ ಮೊದಲು ಮನಸ್ಸು ಮಾಡುತ್ತದೆ, ದೇವರು ಅನುಮತಿ ಕೊಡುತ್ತಾನೆ. ದೇವರ ಅನುಮತಿ ಇಲ್ಲದೆ ಕೈಬೆರಳೂ ಅಲ್ಲಾಡುವುದಿಲ್ಲ, ಆದರೂ ಅಲ್ಲಾಡಿಸಿದ್ದು ನಾನೇ.

ಮಗನಿಗೆ ಕೇಳಿ: ಮಾರಾಟದ ಪತ್ರದಲ್ಲಿ ನಿಮ್ಮ ಸಹಿಯೂ ಇದೆ, ಹಾಗಾದರೆ ಇಸ್ಪೀಟು ಆಡಿದ್ದು ನೀವಾ? ಅವನೇನು ಹೇಳುತ್ತಾನೋ ನನಗೂ ತಿಳಿಸಿ. ಒಂದು ಎಚ್ಚರಿಕೆ. ಎಲ್ಲಾ ಗೊತ್ತಿದ್ದೂ ಯಾಕ್ರೀ ಸಹಿ ಹಾಕಿದಿರಿ ಅಂತ ನಿಮ್ಮ ಮನೆಯವರು ಪಕ್ಕದಿಂದ ಕೇಳಬಹುದು. ಅದೇ ಪ್ರಶ್ನೆಯನ್ನು ರಾಮಾನುಜರ ದೇವರಿಗೂ ಕೇಳಬಹುದು, ಹೋಲಿಕೆ ಅಲ್ಲಿಗೆ ನಿಂತುಹೋಗುತ್ತದೆ. ಮುಂದಿನ ಸಲ ನೀವು ಸಹಿ ಹಾಕಬೇಡಿ. ಮತ್ತೆ ಮತ್ತೆ ಆಡುವುದು ಈಗ ಚಟವಾಗಿದೆ. ಚಟಕ್ಕೆ ಡಾಕ್ಟರಿದ್ದಾರೆ, ವೇದಾಂತ ಆಮೇಲೆ ನೋಡೋಣ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ, ಮೈಸೂರು. ಮಹಿಷಾಸುರನಿಗೆ ವರ ಕೊಟ್ಟಿದ್ದು ಬ್ರಹ್ಮನೇ. ಆಮೇಲೆ ಅವನನ್ನು ಕೊಲ್ಲೋಕೆ ಚಾಮುಂಡಿ ಬರಬೇಕಾಯಿತು. ಮೊದಲೇ ಕೊಡದಿದ್ದರೆ ಆಗುತ್ತಿರಲಿಲ್ವಾ ಸಾರ್?

ಉತ್ತರ: ಆಗುತ್ತಿತ್ತು. ಆದರೆ ನಮ್ಮ ಊರಿಗೆ ಹೆಸರು ಎಲ್ಲಿಂದ ತರುತ್ತಿದ್ದೆವು?

ತಮಾಷೆ ಸಾಕು. ಚಾಮುಂಡಿ ಬೆಟ್ಟದಲ್ಲಿ ಅವನ ಮೂರ್ತಿ ನೋಡಿದ್ದೀಯಲ್ಲ, ಒಂದು ಕೈಲಿ ಕತ್ತಿ, ಇನ್ನೊಂದು ಕೈಲಿ ಹಾವು. ಫೋಟೋ ತೆಗೆಸಿಕೊಳ್ಳುವವರು ದೇವಿಗಿಂತ ಅವನ ಮುಂದೆಯೇ ಜಾಸ್ತಿ. ನಮ್ಮ ಪುರಾಣಗಳಲ್ಲಿ ವರಕ್ಕೆ ಒಂದು ಕಾನೂನಿದೆ. ತಪಸ್ಸು ಮಾಡಿದವನಿಗೆ ಕೊಡಲೇಬೇಕು, ಅವನು ಒಳ್ಳೆಯವನೋ ಕೆಟ್ಟವನೋ ನೋಡುವ ಹಾಗಿಲ್ಲ. ಪರೀಕ್ಷೆಯಲ್ಲಿ ಪಾಸಾದವನಿಗೆ ಡಿಗ್ರಿ ಕೊಟ್ಟ ಹಾಗೆ. ಸರಿಯಾಗಿ ನೋಡಿದರೆ ಪುರಾಣದ ಬ್ರಹ್ಮ ಸರ್ವಶಕ್ತನೇ ಅಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದವನು. ಪುರಾಣ ಬರೆದವರು ದೇವರ ಶಕ್ತಿಯನ್ನು ಒಂಚೂರು ಕಡಿಮೆ ಮಾಡಿ ಕಥೆ ನಡೆಸಿದರು. ಸರ್ವಶಕ್ತ, ಸರ್ವಜ್ಞ, ದಯಾಮಯ ಮೂರನ್ನೂ ಪೂರ್ತಿ ಇಟ್ಟುಕೊಂಡು ಸಿಕ್ಕಿಹಾಕಿಕೊಂಡವರು ತತ್ವಶಾಸ್ತ್ರದ ಮೇಷ್ಟ್ರುಗಳು. ವರ ಕೇಳುವಾಗ ಮಹಿಷ ಗಂಡಸಿನಿಂದ ಸಾವು ಬೇಡ ಅಂದ. ಹೆಂಗಸಿನ ಕೈಲಿ ಏನಾದೀತು ಅಂತ ಬಿಟ್ಟ. ಆ ತಪ್ಪನ್ನು ಅವನಿಗೆ ಬ್ರಹ್ಮ ಹೇಳಿಕೊಟ್ಟಿರಲಿಲ್ಲ.

ಪ್ರಶ್ನೆ: ದೇವರು ತಾನೇ ಎತ್ತಲಾಗದಷ್ಟು ಭಾರದ ಕಲ್ಲನ್ನು ಮಾಡಬಲ್ಲನೇ? (ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ)

ಉತ್ತರ: ಮೂರು ಮೂಲೆಯ ಚೌಕ ಬರೆಯೋಕೆ ನಿನಗೆ ಬರುವುದಿಲ್ಲ. ಅದಕ್ಕೆ ನಿನ್ನ ಡ್ರಾಯಿಂಗ್ ಮಾರ್ಕು ಯಾರೂ ಕಳೆಯುವುದಿಲ್ಲ, ಅಲ್ವಾ?

ಪ್ರಶ್ನೆ: ಮೇಷ್ಟ್ರೇ, ನಾವು ಜೈನರು. ದೇವರು ಇದ್ದರೆ ಕೇಡು ಯಾಕೆ ಅಂತ ನೀವು ಹೋದ ತಿಂಗಳೂ ಬರೆದಿರಿ. ಲೋಕವನ್ನು ಯಾರೋ ಸೃಷ್ಟಿ ಮಾಡಿದ ಅಂತ ಒಪ್ಪದ ನಮಗೆ ಈ ತಲೆನೋವೇ ಇಲ್ಲವಲ್ಲ? (ಓದುಗರು, ಮೈಸೂರು)

ಉತ್ತರ: ನಿಮಗಿಲ್ಲ, ಬೌದ್ಧರಿಗೂ ಇಲ್ಲ. ತಮಾಷೆ ಅಂದರೆ ಯಜ್ಞಯಾಗ ಬಿಟ್ಟರೆ ಬೇರೆ ಮಾತೇ ಆಡದ ಹಳೇ ಮೀಮಾಂಸಕರಿಗೂ ಇರಲಿಲ್ಲ, ಅವರೂ ಸೃಷ್ಟಿಕರ್ತನನ್ನು ಒಪ್ಪಿದವರಲ್ಲ. ನಿಮ್ಮಲ್ಲಿ ಕರ್ಮ ಅಂದರೆ ಯಾರೋ ಕೂತು ಬರೆಯುವ ಲೆಕ್ಕವಲ್ಲ. ಅದು ಧೂಳಿನ ಹಾಗೆ ಜೀವಕ್ಕೆ ತಾನೇ ಅಂಟುತ್ತದೆ, ತಪಸ್ಸಿನಿಂದ ಉದುರುತ್ತದೆ. ನೀರುಗಂಟಿಯೇ ಇಲ್ಲದ ನಾಲೆ. ದೂರು ಕೊಡೋಕೆ ಕಚೇರಿಯೂ ಇಲ್ಲ. ಒಂದೊಂದು ಸಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ಇನ್ನೊಂದೊಂದು ಸಲ ಬೈಯೋಕಾದರೂ ಒಬ್ಬ ಬೇಕು ಅನ್ನಿಸುತ್ತದೆ.

ಬರುವ ತಿಂಗಳು ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ ಬಸದಿಗೆ ಹೋಗೋಣ ಅಂತಿದ್ದೇನೆ. ಊರಿಗೆ ಹೆಸರು ತಂದ ಆ ಕಂಬದ ಕೆಳಗೆ ಕೂತು ಚಿತ್ರಾನ್ನ ತಿನ್ನುತ್ತಾ ಇದನ್ನು ಮಾತಾಡಬಹುದು. ಬರುವುದಾದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ನಿಮಗೆ ಈರುಳ್ಳಿ ಹಾಕದ್ದೇ ತರುತ್ತೇನೆ.